ಸತ್ಯಾಂಶ: ಲಾರಿ ಘಾಟಿ ಹತ್ತದಿದ್ದರೆ ಸೀಮೆಎಣ್ಣೆ ಹಾಕಬೇಕಾ?

‘ಹಳೇ ಡೀಸೆಲ್ ಲಾರಿ ಸಂಪಾಜೆ ಘಾಟಿಯಲ್ಲಿ ಎಳೆಯುತ್ತಿಲ್ಲವೇ? ಟ್ಯಾಂಕಿಗೆ ಎರಡು ಲೀಟರ್ ಸೀಮೆಎಣ್ಣೆ ಸುರಿಯಿರಿ, ಇಂಜೆಕ್ಟರ್ (ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಕ್ಲೀನ್ ಆಗುತ್ತದೆ.’ ವಾಟ್ಸಾಪ್‌ನಲ್ಲಿ ಓಡಾಡುವ ಈ ಸಲಹೆ ತಪ್ಪು.

ಡೀಸೆಲ್ ಬರೀ ಉರಿಯುವ ಇಂಧನವಲ್ಲ, ಅದನ್ನು ಎಂಜಿನ್ನಿಗೆ ತಳ್ಳುವ ಪಂಪಿನ ಒಳಭಾಗಗಳಿಗೆ ಜಾರುವ ಎಣ್ಣೆಯೂ ಅದೇ. ಸೀಮೆಎಣ್ಣೆಗೆ ಆ ಜಾರುವ ಗುಣ ಕಡಿಮೆ. ಪಂಪು ಬೇಗ ಸವೆಯುತ್ತದೆ. ಅದರ ರಿಪೇರಿ ಬಿಲ್ಲು ನೋಡಿದವರಿಗೇ ಗೊತ್ತು ಸಂಕಟ!

ಮೊದಲು ಹೊಗೆ ನೋಡಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಹೊಗೆಯೇ ಇಲ್ಲದೆ ಏರಿನಲ್ಲಿ ಸುಸ್ತಾದರೆ ಹೆಚ್ಚಾಗಿ ಡೀಸೆಲ್ ಸಾಲುತ್ತಿಲ್ಲ ಎಂದರ್ಥ. ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಹಳೇ ರಬ್ಬರ್ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬಹುದು. ಟ್ಯಾಂಕಿನಿಂದ ಬರುವ ಪೈಪಿಗೆ, ಪಂಪಿನ ಸ್ವಲ್ಪ ಮುಂಚೆ, ತುಂಡು ಪಾರದರ್ಶಕ ಪೈಪು ಸೇರಿಸಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ಕಾಟ, ನೀರು. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ಹನಿಗಟ್ಟಿ ತಳ ಸೇರುತ್ತದೆ. ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಇಳಿಸಿ.

ಅಂದಹಾಗೆ, ಈ ಘಾಟಿ ಹತ್ತಿದರೆ ಸಿಗುವ ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಅಲ್ಲಿ ಸ್ವಲ್ಪ ಮಂಕಾಗುವುದು ಸಹಜ, ಗಾಳಿಯೇ ತೆಳು ಅಲ್ವಾ?