ಚಟ್ಟನೂಗದಲ್ಲಿ ತೆರಿಗೆಯೇ ಇಲ್ಲವೇ? ಸತ್ಯಾಂಶ ಇಲ್ಲಿದೆ

ಅಮೆರಿಕದ ದಕ್ಷಿಣ ಭಾಗದ ಟೆನೆಸ್ಸಿ ರಾಜ್ಯದ ಚಟ್ಟನೂಗದಂತಹ ಸಣ್ಣ ನಗರಕ್ಕೆ ಹೋದರೆ ತೆರಿಗೆಯೇ ಇಲ್ಲ, ಸಂಬಳವೆಲ್ಲ ಕೈಗೆ ಬರುತ್ತದೆ ಎಂಬರ್ಥದ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತವೆ. ಇದು ಅರ್ಧಸತ್ಯ.

ಸಂಬಳದ ಮೇಲೆ ಆ ರಾಜ್ಯವು ಆದಾಯ ತೆರಿಗೆ ವಿಧಿಸುವುದಿಲ್ಲವೆಂಬುದು ನಿಜ. ಆದರೆ ಕೇಂದ್ರ ಸರ್ಕಾರದ ಆದಾಯ ತೆರಿಗೆಯೂ, ಸಾಮಾಜಿಕ ಭದ್ರತೆ (ಪಿಂಚಣಿ ಯೋಜನೆ) ಹಾಗೂ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗಾಗಿ ಒಟ್ಟು ಶೇ 7.65ರಷ್ಟು ಕಡಿತವೂ ಅಲ್ಲಿನ ನೌಕರರಿಗೆ ತಪ್ಪಿದ್ದಲ್ಲ. ರಾಜ್ಯವು ಬಿಟ್ಟುಕೊಟ್ಟದ್ದನ್ನು ಬಹುಮಟ್ಟಿಗೆ ಅಂಗಡಿಯ ಗಲ್ಲಾದಲ್ಲಿ ವಸೂಲು ಮಾಡುತ್ತದೆ. ನಮ್ಮ ಎಂಆರ್‌ಪಿಯಂತೆ ಅಲ್ಲಿ ಚೀಟಿಯ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. 100 ಡಾಲರಿನ ಕುಕ್ಕರಿಗೆ, ರಾಜ್ಯದ ಶೇ 7 ಮತ್ತು ಸ್ಥಳೀಯ ಶೇ 2.25 ಸೇರಿ, 109 ಡಾಲರ್ 25 ಸೆಂಟ್ ಕೊಡಬೇಕು. ಅಕ್ಕಿ, ಬೇಳೆಗೂ ವಿನಾಯಿತಿಯಿಲ್ಲ, ದರ ಮಾತ್ರ ಕಡಿಮೆ. ಸ್ವಂತ ಮನೆಯಿದ್ದರೆ ಆಸ್ತಿ ತೆರಿಗೆ ಬೇರೆ.

2020ರ ಜನಗಣತಿಯಂತೆ ಸುಮಾರು 1.81 ಲಕ್ಷ ಜನರಿರುವ ಈ ನಗರದಲ್ಲಿ 1890ರ ವಾಲ್‌ನಟ್ ಸ್ಟ್ರೀಟ್ ಸೇತುವೆ ಈಗ ಪಾದಚಾರಿಗಳಿಗೇ ಮೀಸಲು. ನದಿಯ ಮೇಲೆ ನಡೆಯಲು ಅದು ಸೊಗಸೇ ಸರಿ. ಆದರೆ ದಿನಸಿ ತರಲು ಹೆಚ್ಚಿನ ಬಡಾವಣೆಗಳವರಿಗೆ ಕಾರೇ ಗತಿ, ಅದರ ಪೆಟ್ರೋಲು, ವಿಮೆಯ ಲೆಕ್ಕ ಸಂದೇಶದಲ್ಲಿ ಇರುವುದೇ ಇಲ್ಲ.