ಡಾಕ್ಟರ್ ಬಂದಾಗ ರೋಗಿ ಸತ್ತ

ನಮ್ಮ ಹೈಸ್ಕೂಲಿನ ಗ್ರಾಮರ್ ಪಾಠದಲ್ಲಿ ಒಬ್ಬ ರೋಗಿ ಇದ್ದ. ಎಂಟನೇ ಕ್ಲಾಸಲ್ಲಿ ಸತ್ತ, ಒಂಬತ್ತರಲ್ಲಿ ಮತ್ತೆ ಸತ್ತ, ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಬಂದು ಸತ್ತ. 'ದಿ ಪೇಶೆಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್.' ಪಾಪ, ಅಷ್ಟು ಸಲ ಸತ್ತರೂ ಅವನಿಂದ ನಾವು ಕಲಿತದ್ದು ಒಂದೇ: ಮುಗಿದುಹೋದ ಕೆಲಸಕ್ಕೆಲ್ಲ ಒಂದು 'ಹ್ಯಾಡ್' ಹಾಕಿಬಿಡು. ತಮಾಷೆ ನೋಡಿ, ಆ ವಾಕ್ಯಕ್ಕೆ ಹ್ಯಾಡ್ ಇಲ್ಲದಿದ್ದರೂ ನಡೆಯುತ್ತೆ. 'ಬಿಫೋರ್' ಅಂದ ಮೇಲೆ ಯಾವುದು ಮೊದಲು ಅಂತ ಗೊತ್ತಾಯ್ತಲ್ವಾ? ಅದು ನಿಜವಾಗಿ ಬೇಕಾಗೋದು 'ವೆನ್' ಬಂದಾಗ. 'ವೆನ್ ದಿ ಡಾಕ್ಟರ್ ಕೇಮ್, ದಿ ಪೇಶೆಂಟ್ ಡೈಡ್' ಅಂದರೆ ಡಾಕ್ಟರ ಮುಖ ನೋಡಿಯೇ ಪ್ರಾಣ ಬಿಟ್ಟ ಅಂತ ಆಗುತ್ತೆ. ಸತ್ತ, ಸತ್ತಿದ್ದ, ಈ ಎರಡರ ವ್ಯತ್ಯಾಸ ಕನ್ನಡದಲ್ಲಿ ನಮ್ಮಜ್ಜಿಗೂ ಗೊತ್ತಿತ್ತು.

ಹೋದ ತಿಂಗಳು ಸಾಹೇಬರು ದಿಢೀರ್ ತಪಾಸಣೆಗೆ ಬಂದರು. ನಾನು ಸೀಟಲ್ಲಿ ಇರಲಿಲ್ಲ. ನೋಟಿಸ್ ಬಂತು, ಇಂಗ್ಲಿಷಲ್ಲಿ. ಕನ್ನಡವೇ ಆಡಳಿತ ಭಾಷೆ ಅಂತ 1963ರಲ್ಲೇ ಕಾಯ್ದೆ ಬಂದಿದೆ, ಆದರೆ ಬೈಯೋಕೆ ಇಂಗ್ಲಿಷೇ ಬೇಕು. ನಾನೂ ಬಿಡಲಿಲ್ಲ, 'ವೆನ್ ಸರ್ ಕೇಮ್, ಐ ಲೆಫ್ಟ್ ಫಾರ್ ಟೀ' ಅಂತ ಉತ್ತರ ಬರೆದೆ. ನನ್ನ ಮನಸ್ಸಲ್ಲಿ ಇದ್ದದ್ದು, ಅವರು ಬರೋ ಹೊತ್ತಿಗೆ ನಾನು ಟೀಗೆ ಹೋಗಿದ್ದೆ ಅಂತ. ಅವರು ಓದಿಕೊಂಡದ್ದು, ಸಾಹೇಬರು ಒಳಗೆ ಬಂದರು, ಈ ಆಸಾಮಿ ಎದ್ದು ಟೀಗೆ ಹೊರಟ ಅಂತ! ಎರಡನೇ ನೋಟಿಸು. ಈ ಸಲ ಉದ್ಧಟತನಕ್ಕೆ.

ಸೆಕ್ಷನ್ನಿನ ಹಿರಿಯರೊಬ್ಬರು ತಿದ್ದಿಕೊಟ್ಟರು: 'ಐ ಹ್ಯಾಡ್ ಗಾನ್ ಫಾರ್ ಟೀ, ಐ ಹ್ಯಾಡ್ ಟೇಕನ್ ಟೀ, ಐ ಹ್ಯಾಡ್ ಕಮ್ ಬ್ಯಾಕ್.' ನಮಗೆ 'ಹೋಗಿದ್ದೆ' ಅಂದರೆ ಹೋಗಿ ಬಂದೆ, ಅಲ್ಲಿಗೆ ಕಥೆ ಮುಗೀತು. ಇಂಗ್ಲಿಷಿನವನಿಗೆ ಹಾಗಲ್ಲ. ಹ್ಯಾಡ್ ಕೇಳಿದ ಕೂಡಲೇ ಅವನು, ಆಮೇಲೇನಾಯ್ತು, ಕಟ್ಟಡ ಬಿತ್ತಾ, ಬೆಂಕಿ ಹತ್ತಿತಾ ಅಂತ ಕಾಯ್ತಾ ಕೂರುತ್ತಾನೆ.

ಕೊನೆಗೆ ಸಾಹೇಬರೇ ಛೇಂಬರಿಗೆ ಕರೆಸಿದರು.

"ಎಲ್ರೀ ಹೋಗಿದ್ರಿ ಅವತ್ತು?"

"ಟೀಗೆ ಹೋಗಿದ್ದೆ ಸಾರ್."

"ಅಷ್ಟು ಹೇಳೋಕೆ ಇಷ್ಟು ಪತ್ರಾನಾ? ಹೋಗಿ, ಕೆಲಸ ನೋಡಿ."

ಸಂಜೆ ಆದೇಶದ ಪ್ರತಿ ಕೈಗೆ ಬಂತು. 'ದಿ ಮ್ಯಾಟರ್ ಹ್ಯಾಡ್ ಬೀನ್ ಕ್ಲೋಸ್ಡ್.' ಕೆಳಗೆ ಸಹಿ, ಸೀಲು. ಆಮೇಲೇನಾಯ್ತು ಅಂತ ನಾನಿನ್ನೂ ಕಾಯ್ತಾ ಇದ್ದೇನೆ.