ಗೋಡೆ ಹತ್ತಿದ ಕತ್ತಿಗಳು

ಮನೆಗೆ ಬಂದವರು ಕಾಲು ತೊಳೆದು, ಬೆಲ್ಲ-ನೀರು ಕುಡಿದು, ಈ ಸಲದ ಮಳೆಯನ್ನು ಹೋದ ಸಲದ ಮಳೆಯೊಂದಿಗೆ ಹೋಲಿಸಿ ಮುಗಿಸಿದ ಮೇಲೆ ಎದ್ದು ಹೋಗಿ ನನ್ನ ಗೋಡೆಯ ಕತ್ತಿಯ ಬಾಯಿಗೆ ಹೆಬ್ಬೆರಳು ಸವರುತ್ತಾರೆ. “ಹರಿತ ಇದೆಯೋ?” ಇದೆ. ಕತ್ತಿ ಅಲ್ಲವೇ? ಹಾವು ಕಂಡರೆ ಅದರ ಬಾಯಿಗೆ ಬೆರಳಿಟ್ಟು ವಿಷ ಇದೆಯೋ ಎಂದು ಯಾರೂ ನೋಡುವುದಿಲ್ಲ. ಕತ್ತಿಗೆ ಮಾತ್ರ ಆ ಮರ್ಯಾದೆ ಇಲ್ಲ.

ಹೋದ ಭಾನುವಾರ ಭಾವ ಹಾಗೆ ಮಾಡಿದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದ ಬೆರಳು, ಸರಿಯಾಗಿಯೇ ಕೊಯ್ದುಕೊಂಡಿತು. ಅರಿಸಿನ ಮೆತ್ತಿಸಿಕೊಳ್ಳುತ್ತಾ, “ಮನೆಯೊಳಗೆ ಇಂಥದ್ದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀಯ ಮಾರಾಯ?” ಎಂದರು. ಅರಿಸಿನ ಮೆತ್ತುತ್ತಿದ್ದ ನನ್ನ ಹೆಂಡತಿ, “ಕೇಳು ಅಣ್ಣ, ನಾನು ಕೇಳಿ ಸಾಕಾಗಿದೆ” ಎಂದಳು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಹೇಳುತ್ತೇನೆ. ಮೊದಲು ಕತ್ತಿಗಳನ್ನು ಗೋಡೆಯಲ್ಲಿ ಹಿಡಿದಿಟ್ಟ ಹಲಗೆಯ ವಿಚಾರ ಮುಗಿಯಲಿ.

ಮೊಳೆ ಹೊಡೆದು ನೇತುಹಾಕುವುದು ನನಗೆ ಆಗದು. ಈಗಿನ ಹೋಂಸ್ಟೇಗಳಲ್ಲಿ ಕತ್ತಿಯ ಬಾಯಿಯನ್ನು ಉಜ್ಜಿ ಮೊಂಡು ಮಾಡಿ, ಮೇಲೆ ವಾರ್ನಿಷ್ ಬಳಿದು, ಗೋಡೆಗೆ ಜಡಿದು ‘ಮಲೆನಾಡಿನ ಸೊಗಡು’ ಎನ್ನುತ್ತಾರೆ. ಹೆಣಕ್ಕೆ ಪೌಡರು ಹಚ್ಚಿದ ಹಾಗೆ. ನಾನು ನಿಯೋಡಿಮಿಯಮ್ ಅಯಸ್ಕಾಂತ ತರಿಸಿದೆ. ಅಯಸ್ಸು ಎಂದರೆ ಕಬ್ಬಿಣ, ಕಾಂತ ಎಂದರೆ ಪ್ರಿಯ. ನಮ್ಮ ಹಳಬರು ಇಷ್ಟೆಲ್ಲ ಶೃಂಗಾರಕ್ಕೆ ಹೋಗದೆ ಸೂಜಿಗಲ್ಲು ಎಂದು ಬಿಟ್ಟರು. ಬಂದದ್ದು ನಾಲ್ಕಾಣೆಯಷ್ಟು ಅಗಲದ ಬಿಲ್ಲೆಗಳು. ಎರಡನ್ನು ಮೇಜಿನ ಮೇಲಿಟ್ಟು ತಿರುಗುವಷ್ಟರಲ್ಲಿ ನಡುವೆ ಇದ್ದ ನನ್ನ ಕಿರುಬೆರಳಿನ ಚರ್ಮವನ್ನೂ ಸೇರಿಸಿಕೊಂಡು ಒಂದಾಗಿದ್ದವು. ಗಾಜಿನ ಹಾಗೆ ಪೆಡಸು ಬೇರೆ. ಒಂದರ ಅಂಚು ಚಕ್ಕೆ ಎದ್ದಿತು. ಮೊಮ್ಮಗ ಇವುಗಳಲ್ಲಿ ಎರಡನ್ನು ನುಂಗಿದರೆ ಹೊಟ್ಟೆಯೊಳಗೆ ಕರುಳನ್ನು ನಡುವೆ ಇಟ್ಟುಕೊಂಡು ಕಚ್ಚಿಕೊಳ್ಳುತ್ತವೆ ಎಂದು ಗೊತ್ತಾದ ಮೇಲೆ ಅವನ್ನು ಹಲಸಿನ ಹಲಗೆಯೊಳಗೆ ಹೂಳಿಸುವುದೇ ಸರಿ ಎನಿಸಿತು.

ಹಿಂದಿನಿಂದ ಕೊರೆದು, ಮುಂದೆ 2 ಮಿಲಿಮೀಟರ್ ಮರ ಉಳಿಸು ಎಂದು ಬಡಗಿಗೆ ಹೇಳಿದ್ದೆ. ಅವನು ಗಟ್ಟಿ ಇರಲಿ ಎಂದು 5 ಉಳಿಸಿದ. ಅಡುಗೆಮನೆಯ ಹೋಳಿನ ಲೆಕ್ಕದಲ್ಲಿ ಅದೇನು ದೊಡ್ಡದಲ್ಲ. ಅಯಸ್ಕಾಂತದ ಲೆಕ್ಕದಲ್ಲಿ ಅದು ಪರದೇಶ. ಮತ್ತೆ ಕೊರೆಸಿದೆ. ಕುಡುಗೋಲು, ಅಡಿಕೆ ಕೊನೆ ಕೊಯ್ಯುವ ಕತ್ತಿ, ಎರಡು ಅಡಕತ್ತರಿ ಎಲ್ಲವೂ ಟಪ್ಪೆಂದು ಕೂತವು. ಕೊಡಗಿನ ಗೆಳೆಯ ಕೊಟ್ಟ ಪೀಚೆಕತ್ತಿಯ ಬೆಳ್ಳಿ ಒರೆ ಮಾತ್ರ ಹಲಗೆಯನ್ನು ಮೂಸಿಯೂ ನೋಡಲಿಲ್ಲ. ಮೆಟ್ಟುಗತ್ತಿಗೆ ಅದರ ಮಣೆಯೇ ಸಾಕು, ಅದನ್ನು ಕೇಳಲಿಲ್ಲ.

ಎಲ್ಲವೂ ನಿಂತವು, ಒಂದು ಬಿಟ್ಟು. ಸೊಪ್ಪು ಕಡಿಯುವ ದೊಡ್ಡ ಕತ್ತಿ ಜಾರುತ್ತಿತ್ತು. ಅದರ ಕತೆ ಸ್ವಲ್ಪ ಇದೆ.

ಹೊಸನಗರದ ಕಡೆಯ ನಮ್ಮ ಹಳೆಯ ಮನೆಯಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಜಗಳ ಬರುತ್ತದೆ ಎಂದು ಅಜ್ಜಿಯ ಕಾನೂನು. ಒಂದು ಕೊನೆಕೊಯ್ಲಿನ ದಿನ ದೊಡ್ಡಪ್ಪ ಕೈ ಚಾಚಿದರು, ಅಪ್ಪ ಅವಸರದಲ್ಲಿ ಕೈಗೇ ಕೊಟ್ಟರು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. ಮರುವರ್ಷ ಹಿಸ್ಸೆ. ಕಾರಣ ಸೊಪ್ಪಿನಬೆಟ್ಟದ ಒಂದು ಮೂಲೆ ಎಂದು ಊರಿಗೆಲ್ಲ ಗೊತ್ತಿತ್ತು. ಅಜ್ಜಿ ಮಾತ್ರ ಕಡೆಯವರೆಗೂ ಕತ್ತಿಯನ್ನೇ ಬೈದರು. ಹಂಡೆ, ಕಡಾಯಿ, ಕೊನೆ ಇಳಿಸುವ ಹಗ್ಗ ಎಲ್ಲ ಪಟ್ಟಿಯಲ್ಲಿ ಬಂದವು. ಮಾಡಿನ ಪಕಾಸಿಗೆ ಸಿಕ್ಕಿಸಿದ್ದ ಈ ಕತ್ತಿ ಬರೆಯಲು ಮರೆತುಹೋಯಿತು. ನಡುವೆ ಎದ್ದ ಹೊಸ ಗೋಡೆ ಸರಿಯಾಗಿ ಅದರ ಕೆಳಗೇ ಬಂತು.

ಹಗಲು ಯಾರೂ ಅದನ್ನು ಮುಟ್ಟಲಿಲ್ಲ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಅದರ ಮೇಲೆ ಹಸಿ ಬಾಳೆಯ ಕರೆ. ದೊಡ್ಡಪ್ಪ ತೆಗೆದಿದ್ದರೆ ಬಾಯಿ ಪಡುವಣಕ್ಕೆ, ಅಪ್ಪ ತೆಗೆದಿದ್ದರೆ ಮೂಡಣಕ್ಕೆ. ಒಂಬತ್ತು ವರ್ಷ ಅಣ್ಣತಮ್ಮಂದಿರ ನಡುವೆ ನಡೆದ ಪತ್ರವ್ಯವಹಾರ ಅದೊಂದೇ. ಕತ್ತಿ ಅಪ್ಪಟ ಭದ್ರಾವತಿಯ ಕಬ್ಬಿಣ ಎಂದು ದೊಡ್ಡಪ್ಪ ಬಂದವರಿಗೆ ಹೇಳುತ್ತಿದ್ದರಂತೆ. ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಇದ್ದಿಲಿನಲ್ಲಿ ಕರಗಿಸಿ ಅಲ್ಲಿ 1923ರಿಂದ ಕಬ್ಬಿಣ ಮಾಡುತ್ತಿದ್ದರಲ್ಲ, ಹೆಮ್ಮೆಗೆ ಅಷ್ಟು ಸಾಕು. ಶಿವಮೊಗ್ಗದ ಕಮ್ಮಾರನೊಬ್ಬನಿಗೆ ಈಚೆಗೆ ತೋರಿಸಿದೆ. ತಿರುವಿ ನೋಡಿ, “ಲಾರಿಯ ಸ್ಪ್ರಿಂಗ್ ಪಟ್ಟಿ” ಎಂದ. ದೊಡ್ಡಪ್ಪ ಇಲ್ಲದ್ದು ಒಳ್ಳೆಯದಾಯಿತು.

ಅಜ್ಜಿಯ ವೈಕುಂಠ ಸಮಾರಾಧನೆಯ ದಿನ ಬಾಳೆಎಲೆ ಕೊಯ್ಯಲು ಕತ್ತಿ ಬೇಕಾಯಿತು. ದೊಡ್ಡಪ್ಪ ಇಳಿಸಿದರು. ಅಪ್ಪ ಕೈ ಚಾಚಿದರು. ದೊಡ್ಡಪ್ಪ ಅದನ್ನು ನೆಲದ ಮೇಲಿಟ್ಟರು, ಅಪ್ಪ ಎತ್ತಿಕೊಂಡರು. ಇಬ್ಬರೂ ಮಾತಾಡಲಿಲ್ಲ.

ಇಷ್ಟೆಲ್ಲ ಹೇಳಿದ್ದು ಆ ಕತ್ತಿ ಭಾರ ಎನ್ನುವುದಕ್ಕೆ. ಅಯಸ್ಕಾಂತ ಗೋಡೆಯ ಕಡೆಗೆ ಎಳೆಯುತ್ತದೆ, ಭಾರ ನೆಲದ ಕಡೆಗೆ ಎಳೆಯುತ್ತದೆ. ಇವೆರಡರ ನಡುವೆ ಕತ್ತಿಯನ್ನು ಹಿಡಿದು ನಿಲ್ಲಿಸುವುದು ಮರದ ಒರಟು ಮಾತ್ರ. ನಾನೋ, ನಮ್ಮ ಆಷಾಢದಲ್ಲಿ ಗೋಡೆಯೇ ಬೆವರುತ್ತದೆ ಎಂದು ತುಕ್ಕಿಗೆ ಹೆದರಿ ವಾರಕ್ಕೊಮ್ಮೆ ತೆಂಗಿನೆಣ್ಣೆ ಸವರುತ್ತಿದ್ದೆ. ರಾತ್ರಿ ಮಲಗುವಾಗ ಮೇಲೆ, ಬೆಳಿಗ್ಗೆ ಒಂದು ಗೇಣು ಕೆಳಗೆ. ಎಣ್ಣೆ ಒರೆಸಿದರೆ ತುಕ್ಕು, ಹಚ್ಚಿದರೆ ಜಾರು. ಇನ್ನೂ ಎರಡು ಬಿಲ್ಲೆ ಹೂಳಿಸಬೇಕೆಂದು ಬಡಗಿಗೆ ಫೋನ್ ಮಾಡಿದರೆ ಮಳೆ ಬಿಡಲಿ ಎಂದ.

ಮೊನ್ನೆ ನಾನು ಪೇಟೆಗೆ ಹೋಗಿದ್ದಾಗ ತೋಟದಿಂದ ಬಂದ ಹಲಸಿನ ಹಣ್ಣನ್ನು ಹೆಂಡತಿ ಅದೇ ಕತ್ತಿಯಲ್ಲಿ ಸೀಳಿದ್ದಾಳೆ. ಕೈಗೆ ಎಣ್ಣೆ ಹಚ್ಚಿಕೊಂಡಳು, ಕತ್ತಿಗೆ ಹಚ್ಚಲಿಲ್ಲ. ಮೇಣ ಮೆತ್ತಿದ್ದ ಕತ್ತಿಯನ್ನು ಹಾಗೆಯೇ ತಂದು ಹಲಗೆಗೆ ಅಂಟಿಸಿದ್ದಾಳೆ. ನಾನು ಬಂದು ಕೂಗಾಡಿದೆ. ಎಳೆದು ನೋಡಿದೆ, ಬರಲಿಲ್ಲ. ಇವತ್ತಿಗೆ ಆರು ದಿನ, ಕೂದಲೆಳೆಯಷ್ಟೂ ಜಾರಿಲ್ಲ. ಭಾವ ಬಂದರೆ ಈ ಸಲ ಹೆಬ್ಬೆರಳು ಇಟ್ಟು ನೋಡಲಿ.